ಇಂಗ್ಲೆಂಡಿನ ಶಾಲೆಗಳಲ್ಲಿ ಧರ್ಮದ ಪಾಠ

ಇಂಗ್ಲೆಂಡಿನ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ‘ಧರ್ಮ, ತತ್ವಶಾಸ್ತ್ರ ಮತ್ತು ನೀತಿಶಾಸ್ತ್ರ’ ಎಂಬ ಹೆಸರಿನಲ್ಲೋ ಅದಕ್ಕೆ ಹತ್ತಿರದ ಮತ್ತೊಂದು ಹೆಸರಿನಲ್ಲೋ ಕಾಣಿಸಿಕೊಳ್ಳುವ ಪಾಠಕ್ಕೆ ಬೇರೆ ವಿಷಯಗಳಲ್ಲಿ ಅಪರೂಪವಾದ ಕೆಲವು ವಿಚಿತ್ರ ಲಕ್ಷಣಗಳಿವೆ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳು ಅದನ್ನು ಕಲಿಸಲೇಬೇಕು. ಆದರೆ ತಂದೆತಾಯಿಗಳು ಬೇಡವೆಂದರೆ ಮಗುವನ್ನು ಆ ತರಗತಿಯಿಂದ ಹೊರಗಿಡಲೂ ಬೇಕು. 1988ರಲ್ಲಿ ಗಣಿತ, ವಿಜ್ಞಾನ, ಇತಿಹಾಸಗಳಿಗೆಲ್ಲ ರಾಷ್ಟ್ರೀಯ ಪಠ್ಯಕ್ರಮ ಬಂದಾಗ ಇದೊಂದನ್ನು ಅದರ ಹೊರಗಿಟ್ಟು, ಏನು ಕಲಿಸಬೇಕೆಂಬ ತೀರ್ಮಾನವನ್ನು ಮೊದಲಿನಂತೆ ಆಯಾ ಜಿಲ್ಲೆಯ ಸಮಿತಿಗಳಿಗೇ ಬಿಡಲಾಯಿತು. ಈ ವೈಚಿತ್ರ್ಯಗಳಿಗೆ ಶಿಕ್ಷಣಶಾಸ್ತ್ರದ ಯಾವ ಸಿದ್ಧಾಂತದಲ್ಲೂ ಕಾರಣ ಸಿಗುವುದಿಲ್ಲ. ಬಡವರ ಮಕ್ಕಳ ಶಾಲೆಗೆ ಯಾರು ಹಣ ಕೊಡಬೇಕು, ಹಣ ಕೊಟ್ಟವನ ಮತವನ್ನು ಮಕ್ಕಳ ತಲೆಗೆ ತುಂಬಬಹುದೇ ಎಂಬ ಎರಡು ಪ್ರಶ್ನೆಗಳ ಸುತ್ತ ನೂರೈವತ್ತು ವರ್ಷ ನಡೆದ ಜಗಳದ ಗಾಯದ ಗುರುತುಗಳು ಅವು. ಆ ಜಗಳದಲ್ಲಿ ಆದ ರಾಜಿಗಳು ಪಾಠದ ತಿರುಳನ್ನು ಒಂದೊಂದಾಗಿ ತೆಗೆದುಹಾಕಿದವು. ಹಾಗೆ ತೆರವಾದ ಜಾಗಕ್ಕೇ ಮುಂದೆ ಪರಧರ್ಮಗಳೂ ಪ್ಲೇಟೋ, ಕಾಂಟ್ ಮೊದಲಾದ ದಾರ್ಶನಿಕರೂ ಬಂದು ಕುಳಿತರು.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಬಡಮಕ್ಕಳಿಗೆ ಶಾಲೆ ತೆರೆದವರು ಪರಸ್ಪರ ಪೈಪೋಟಿಯ ಎರಡು ಸಂಘಗಳವರು. 1811ರಲ್ಲಿ ಹುಟ್ಟಿದ ‘ನ್ಯಾಷನಲ್ ಸೊಸೈಟಿ’ ರಾಜಮನ್ನಣೆಯ ಆಂಗ್ಲಿಕನ್ ಚರ್ಚಿನದು. ಇನ್ನೊಂದು, ಕ್ವೇಕರ್ ಪಂಥದ ಜೋಸೆಫ್ ಲ್ಯಾಂಕಾಸ್ಟರನ ಬೆಂಬಲಿಗರು 1808ರಲ್ಲಿ ಕಟ್ಟಿದ, ಮುಂದೆ ‘ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿ’ ಎಂದು ಹೆಸರಾದ ಸಂಘ. ಅದರ ಬೆನ್ನಿಗಿದ್ದವರು ಮುಖ್ಯವಾಗಿ ಭಿನ್ನಮತೀಯರು, ಎಂದರೆ ಆಂಗ್ಲಿಕನ್ ಚರ್ಚಿನ ವಿಧಿಗಳಿಗೆ ಒಳಪಡಲು ಒಪ್ಪದ ಬ್ಯಾಪ್ಟಿಸ್ಟ್, ಕಾಂಗ್ರಿಗೇಷನಲ್, ಕ್ವೇಕರ್ ಮೊದಲಾದ ಪ್ರಾಟೆಸ್ಟೆಂಟ್ ಪಂಥಗಳವರು. ಎರಡೂ ಸಂಘಗಳ ಬೋಧನಾ ಕ್ರಮ ಹೆಚ್ಚುಕಡಿಮೆ ಒಂದೇ: ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವುದು. ನ್ಯಾಷನಲ್ ಸೊಸೈಟಿಯ ಶಾಲೆಗಳಲ್ಲಿ ಇದಕ್ಕೆ ‘ಮದರಾಸ್ ಪದ್ಧತಿ’ ಎಂದೇ ಹೆಸರು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಅಲ್ಲಿನ ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ತನ್ನ ಆಶ್ರಮದಲ್ಲಿ ಅದನ್ನು ದೊಡ್ಡ ಹುಡುಗರ ಮೂಲಕ ಚಿಕ್ಕವರಿಗೆ ಕಲಿಸಿ, ತನ್ನ ಪ್ರಯೋಗದ ವಿವರವನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಕನ್ನಡ ನಾಡಿನ ಕೂಲಿಮಠಗಳನ್ನು ಬಲ್ಲವರಿಗೆ ಈ ಮರಳಿನ ಅಕ್ಷರಾಭ್ಯಾಸ ಹೊಸದಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್ಬೆಲ್ 1823ರಲ್ಲಿ ತನ್ನ ಜಿಲ್ಲೆಯ 533 ಶಾಲೆಗಳ ಕುರಿತು ಬರೆದ ವರದಿಯಲ್ಲಿ, ಇಲ್ಲಿನ ಅಗ್ಗದ ಬರವಣಿಗೆಯ ಕ್ರಮವನ್ನೂ ಮುಂದಿದ್ದ ಮಕ್ಕಳು ಹಿಂದಿದ್ದವರಿಗೆ ಹೇಳಿಕೊಡುವ ರೂಢಿಯನ್ನೂ ಹೊಗಳಿ, ಇಂಗ್ಲೆಂಡು ಇದನ್ನು ಅನುಕರಿಸಿರುವುದು ಯೋಗ್ಯವೇ ಆಗಿದೆ ಎಂಬ ಅಭಿಪ್ರಾಯವನ್ನು ದಾಖಲಿಸಿದ್ದಾನೆ.

ಸಂಘಗಳು ಬೇರೆಯಾಗುತ್ತಿದ್ದದ್ದು ಧರ್ಮಪಾಠದಲ್ಲಿ. ನ್ಯಾಷನಲ್ ಸೊಸೈಟಿಯ ಶಾಲೆಗಳಲ್ಲಿ ಮಕ್ಕಳು ಆಂಗ್ಲಿಕನ್ ಚರ್ಚಿನ ‘ಕ್ಯಾಟೆಕಿಸಂ’ ಅನ್ನು, ಎಂದರೆ ಗುರುವಿನ ಪ್ರಶ್ನೆಗೆ ಶಿಷ್ಯ ಗೊತ್ತಾದ ಉತ್ತರ ಒಪ್ಪಿಸುವ ಮತತತ್ವದ ಪ್ರಶ್ನೋತ್ತರವನ್ನು, ಬಾಯಿಪಾಠ ಮಾಡಬೇಕಿತ್ತು. ಅದರ ಮೊದಲ ಪ್ರಶ್ನೆ ಮಗುವಿನ ಹೆಸರು ಕೇಳುತ್ತದೆ. ಎರಡನೆಯದು ಆ ಹೆಸರು ಕೊಟ್ಟವರು ಯಾರೆಂದು. ದೀಕ್ಷಾಸ್ನಾನದ ಸಮಯದಲ್ಲಿ ತನ್ನ ಪರವಾಗಿ ಹೊಣೆ ನಿಂತ ಧರ್ಮಮಾತಾಪಿತರು ಎಂಬುದು ಅಪೇಕ್ಷಿತ ಉತ್ತರ. ಬ್ಯಾಪ್ಟಿಸ್ಟರಾದರೋ ಶಿಶುಗಳಿಗೆ ದೀಕ್ಷಾಸ್ನಾನವನ್ನೇ ಮಾಡಿಸುವುದಿಲ್ಲ. ತಿಳಿವಳಿಕೆ ಬಂದವರು ತಾವೇ ಬಯಸಿ ಪಡೆಯತಕ್ಕದ್ದು ಅದು ಎಂಬುದು ಅವರ ಮತದ ಬುಡ. ಊರಿನಲ್ಲಿ ಇರುವುದೊಂದೇ ಶಾಲೆಯಾಗಿ, ಅದು ಆಂಗ್ಲಿಕನ್ ಚರ್ಚಿನದೂ ಆಗಿದ್ದರೆ, ಬ್ಯಾಪ್ಟಿಸ್ಟ್ ಕೂಲಿಕಾರನ ಮಗ ಧರ್ಮಪಾಠದ ಎರಡನೆಯ ಉತ್ತರದಲ್ಲೇ ಸುಳ್ಳು ಹೇಳಬೇಕಾಗುತ್ತಿತ್ತು. ಲ್ಯಾಂಕಾಸ್ಟರನ ಸಂಘದವರು ಈ ತೊಡಕನ್ನು ತಪ್ಪಿಸಲು ಪ್ರಶ್ನೋತ್ತರವನ್ನು ಬಿಟ್ಟು ಬರಿಯ ಬೈಬಲನ್ನು ಓದಿಸುತ್ತಿದ್ದರು. ಅವರ ದೃಷ್ಟಿಯಲ್ಲಿ ಎಲ್ಲ ಕ್ರೈಸ್ತರಿಗೂ ಸಾಮಾನ್ಯವಾದದ್ದು ಅದು, ಎದುರಾಳಿಗಳ ದೃಷ್ಟಿಯಲ್ಲಿ ಅದು ಧರ್ಮವೇ ಅಲ್ಲದ ಧರ್ಮ. 1833ರಿಂದ ಸರ್ಕಾರ ಶಾಲಾ ಕಟ್ಟಡಗಳಿಗೆಂದು ಮೊದಲ ಬಾರಿಗೆ 20,000 ಪೌಂಡುಗಳ ಅನುದಾನ ಕೊಡತೊಡಗಿದಾಗಲೂ ಅದು ಹೋದದ್ದು ಈ ಎರಡು ಸಂಘಗಳ ಕೈಗೇ.

ಸಂಘಗಳ ಶಾಲೆಗಳು ಸಾಲದೆಂದು ಮನಗಂಡು, ತೆರಿಗೆಯ ಹಣದಿಂದ ಸಾರ್ವಜನಿಕ ಶಾಲೆಗಳನ್ನು ತೆರೆಯುವ ಅಧಿಕಾರವನ್ನು ಚುನಾಯಿತ ಶಾಲಾ ಮಂಡಳಿಗಳಿಗೆ ಕೊಟ್ಟದ್ದು ಡಬ್ಲ್ಯು. ಇ. ಫಾರ್‌ಸ್ಟರ್ ಮಂಡಿಸಿದ 1870ರ ಪ್ರಾಥಮಿಕ ಶಿಕ್ಷಣ ಕಾಯಿದೆ. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಯಾರ ಧರ್ಮ ಎಂಬ ಪ್ರಶ್ನೆಗೆ ಸಂಸತ್ತು ಕಂಡುಕೊಂಡ ದಾರಿ, ವಿಲಿಯಂ ಕೂಪರ್-ಟೆಂಪಲ್ ಎಂಬ ಸದಸ್ಯನ ಹೆಸರಿನಿಂದ ಪ್ರಸಿದ್ಧವಾದ ಒಂದು ನಿಷೇಧ: ಯಾವುದೇ ಒಂದು ಪಂಥಕ್ಕೆ ಮಾತ್ರ ವಿಶಿಷ್ಟವಾದ ಪ್ರಶ್ನೋತ್ತರವನ್ನಾಗಲಿ ಮತಸೂತ್ರವನ್ನಾಗಲಿ ಮಂಡಳಿಯ ಶಾಲೆಗಳಲ್ಲಿ ಕಲಿಸಕೂಡದು. ಅದರ ಜೊತೆಗೇ ‘ಆತ್ಮಸಾಕ್ಷಿಯ ವಿಧಿ’ಯೊಂದು ಬಂತು. ಧರ್ಮಪಾಠ ಶಾಲಾವೇಳೆಯ ಮೊದಲಿನಲ್ಲಿ ಅಥವಾ ಕೊನೆಯಲ್ಲಿ ಮಾತ್ರ ನಡೆಯಬೇಕು, ಹಾಗಾದರೆ ಬೇಡವೆಂದವರ ಮಕ್ಕಳು ತಡವಾಗಿ ಬರಬಹುದು ಅಥವಾ ಬೇಗ ಹೊರಡಬಹುದು; ಆ ಸಮಯವನ್ನು ನಮೂದಿಸಿದ ವೇಳಾಪಟ್ಟಿಯನ್ನು ಪ್ರತಿ ಕೊಠಡಿಯಲ್ಲೂ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ತರಗತಿಯ ಗೋಡೆಯ ಮೇಲಿನ ಹಾಳೆಯೊಂದು ಇಂಗ್ಲೆಂಡಿನ ಧಾರ್ಮಿಕ ಶಾಂತಿಯ ಕರಾರುಪತ್ರವಾದದ್ದು ಹೀಗೆ.

ಕಾಯಿದೆ ಕಲಿಸಬಾರದ್ದನ್ನು ಹೇಳಿತೇ ಹೊರತು ಕಲಿಸಬೇಕಾದ್ದನ್ನು ಹೇಳಲಿಲ್ಲ. ಲಂಡನ್ನಿನ ಶಾಲಾ ಮಂಡಳಿ 1871ರಲ್ಲಿ ಬೈಬಲ್ ಓದಿಸಿ ಅದನ್ನು ವಿವರಿಸಬಹುದೆಂದು ಗೊತ್ತುಮಾಡಿದಾಗ ಬೈಬಲಿನ ಓದನ್ನು ಬೆಂಬಲಿಸಿದ ಸದಸ್ಯರಲ್ಲಿ ಒಬ್ಬ, ದೇವರಿದ್ದಾನೆಯೇ ಎಂಬುದು ಮನುಷ್ಯನ ಅರಿವಿಗೆ ನಿಲುಕದ ಸಂಗತಿ ಎನ್ನುವ ತನ್ನ ನಿಲುವಿಗೆ ‘ಅಗ್ನಾಸ್ಟಿಕ್’ ಎಂಬ ಪದವನ್ನು ಟಂಕಿಸಿದ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ. ದೇವತಾಶಾಸ್ತ್ರವನ್ನು ತೆಗೆದಿಟ್ಟರೂ ಬೈಬಲಿನಲ್ಲಿ ಬಡವರ ಮಕ್ಕಳಿಗೆ ಬೇಕಾದ ಸಾಹಿತ್ಯವೂ ನೀತಿಯೂ ಉಳಿಯುತ್ತವೆ ಎಂಬುದು ಅವನ ವಾದವಾಗಿತ್ತು. ಇದಕ್ಕೆ ವಿರುದ್ಧವಾದ ಎಚ್ಚರಿಕೆ ಕನ್ಸರ್ವೇಟಿವ್ ಪಕ್ಷದ ನಾಯಕ ಡಿಸ್ರೇಲಿಯದು: ಪಂಥಗಳ ಸೂತ್ರಗಳಿಲ್ಲದೆ ಬೈಬಲನ್ನು ವಿವರಿಸುವ ಕೆಲಸ ಉಪಾಧ್ಯಾಯರ ಪಾಲಿಗೆ ಬಂದರೆ ಪುರೋಹಿತರ ಹೊಸ ವರ್ಗವೊಂದನ್ನು ಸಂಸತ್ತೇ ಸೃಷ್ಟಿಸಿದಂತಾಗುತ್ತದೆ ಎಂದು ಅವನು ಹೇಳಿದ. ಅವನ ಮಾತಿನಲ್ಲಿದ್ದದ್ದು ಅಣಕ. ಆದರೂ ಈ ಪಾಠದ ಮುಂದಿನ ಇತಿಹಾಸವನ್ನು ಅಷ್ಟು ಸರಿಯಾಗಿ ಊಹಿಸಿದವರು ಇನ್ನೊಬ್ಬರಿಲ್ಲ. ಪಾದ್ರಿಯ ಕೈಯಿಂದ ಜಾರಿದ ವಿಷಯ ಸೇರಿದ್ದು ಉಪಾಧ್ಯಾಯನ ಕೈಗೆ. ಅವನಿಗೆ ಅದನ್ನು ಹೇಗೆ ಕಲಿಸಬೇಕೆಂಬ ಚಿಂತೆ ಹತ್ತಿತು, ಪಾದ್ರಿಗೆ ಆ ಚಿಂತೆ ಇರಲಿಲ್ಲ.

ಶಾಲಾ ಮಂಡಳಿಗಳನ್ನು ರದ್ದುಮಾಡಿ ಅವುಗಳ ಕೆಲಸವನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿ, ಪ್ರೌಢಶಾಲೆಗಳನ್ನು ನಡೆಸುವ ಅಧಿಕಾರವನ್ನೂ ಕೊಟ್ಟ 1902ರ ಕಾಯಿದೆ, ಚರ್ಚಿನ ಶಾಲೆಗಳ ಖರ್ಚನ್ನೂ ಸ್ಥಳೀಯ ತೆರಿಗೆಯಿಂದ ತುಂಬಿಕೊಡಲು ಒಪ್ಪಿದ್ದರಿಂದ ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು. ಬ್ಯಾಪ್ಟಿಸ್ಟ್ ಬೋಧಕ ಜಾನ್ ಕ್ಲಿಫರ್ಡನ ಮುಂದಾಳುತನದಲ್ಲಿ ಸಾವಿರಾರು ಭಿನ್ನಮತೀಯರು ಶಾಲಾ ತೆರಿಗೆಯ ಆ ಭಾಗವನ್ನು ಕಟ್ಟಲು ನಿರಾಕರಿಸಿದರು. ಅಧಿಕಾರಿಗಳು ಅವರ ಮನೆಯ ಸಾಮಾನು ಜಪ್ತಿ ಮಾಡಿ ಹರಾಜು ಹಾಕಿದರು, ನೂರಕ್ಕೂ ಮಿಕ್ಕಿ ಜನ ಸೆರೆಮನೆ ಕಂಡರು. ‘ಪ್ಯಾಸಿವ್ ರೆಸಿಸ್ಟೆನ್ಸ್’ ಎಂದು ಕರೆಯಲಾದ ಈ ಚಳವಳಿಯನ್ನು ಗಾಂಧೀಜಿ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸವನ್ನು ಬರೆಯುವಾಗ ಕ್ಲಿಫರ್ಡನ ಹೆಸರು ಹೇಳಿಯೇ ನೆನೆದು, ತಮ್ಮ ಮಾರ್ಗ ಅದರಿಂದ ಹೇಗೆ ಬೇರೆ ಎಂದು ವಿವರಿಸಿದ್ದಾರೆ. ಶಾಲೆಯ ಧರ್ಮಪಾಠದ ವ್ಯಾಜ್ಯವೊಂದು ಭಾರತದ ರಾಜಕೀಯ ಚಿಂತನೆಗೆ ಹೋಲಿಕೆಯ ವಸ್ತುವಾಗಿ ಒದಗಿದ್ದನ್ನು ಇಂಗ್ಲೆಂಡಿನ ಶಿಕ್ಷಣ ಚರಿತ್ರೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಜಗಳ ಮಾಡಿ ಬಸವಳಿದವರು ಮೆಲ್ಲಗೆ ಒಂದು ಮೇಜಿನ ಸುತ್ತ ಕೂರತೊಡಗಿದರು. ಆಂಗ್ಲಿಕನ್ನರು, ಭಿನ್ನಮತೀಯರು, ಉಪಾಧ್ಯಾಯರು ಸೇರಿ ಎಲ್ಲರೂ ಒಪ್ಪುವಷ್ಟನ್ನು ಮಾತ್ರ ಬರೆದಿಡುವ ‘ಒಪ್ಪಿತ ಪಠ್ಯಕ್ರಮ’ಗಳು 1920ರ ದಶಕದಲ್ಲಿ ಹೊರಬಂದವು, ಅವುಗಳಲ್ಲಿ 1924ರ ಕೇಂಬ್ರಿಡ್ಜ್‌ಶೈರಿನದು ಉಳಿದ ಜಿಲ್ಲೆಗಳಿಗೂ ಮಾದರಿಯಾಯಿತು. ಎರಡನೆಯ ಮಹಾಯುದ್ಧದ ನಡುವೆ, ಅವಿಭಜಿತ ಭಾರತದ ಅಟ್ಟಾಕಿನಲ್ಲಿ ಹುಟ್ಟಿದ ಆರ್. ಎ. ಬಟ್ಲರ್ ಶಿಕ್ಷಣದ ಹೊಣೆ ಹೊತ್ತಿದ್ದಾಗ ರೂಪಿಸಿದ 1944ರ ಕಾಯಿದೆ ಈ ರೂಢಿಯನ್ನೇ ಕಾನೂನಾಗಿಸಿತು. ದುರಸ್ತಿಗೂ ಹಣವಿಲ್ಲದೆ ಕುಸಿಯುತ್ತಿದ್ದ ಚರ್ಚಿನ ಶಾಲೆಗಳು ಪೂರ್ತಿ ನೆರವು ಬೇಕಿದ್ದರೆ ಹೆಚ್ಚಿನ ಹಿಡಿತವನ್ನು ಸ್ಥಳೀಯ ಆಡಳಿತಕ್ಕೆ ಬಿಟ್ಟುಕೊಡಬೇಕು. ಪ್ರತಿಯಾಗಿ ದೇಶದ ಪ್ರತಿಯೊಂದು ಸಾರ್ವಜನಿಕ ಶಾಲೆಯೂ ದಿನವನ್ನು ಸಾಮೂಹಿಕ ಪ್ರಾರ್ಥನೆಯಿಂದ ಆರಂಭಿಸಿ, ಒಪ್ಪಿತ ಪಠ್ಯಕ್ರಮದಂತೆ ಧರ್ಮಬೋಧನೆ ಮಾಡಬೇಕು. ಓದು, ಬರಹ, ಲೆಕ್ಕ ಯಾವುದನ್ನೂ ಹೆಸರಿಸಿ ಕಡ್ಡಾಯ ಮಾಡದ ಆ ಕಾಯಿದೆ ಇದೊಂದು ಪಾಠವನ್ನು ಕಡ್ಡಾಯ ಮಾಡಿತು. ಹಿಟ್ಲರನ ಜರ್ಮನಿಯೊಡನೆ ಸೆಣಸುತ್ತಿದ್ದ ದೇಶದಲ್ಲಿ ಕ್ರೈಸ್ತ ನಂಬಿಕೆಯೇ ಪ್ರಜಾಸತ್ತೆಗೆ ಆಧಾರವೆಂಬ ಭಾವನೆ ವ್ಯಾಪಕವಾಗಿದ್ದುದು ಇದಕ್ಕೆ ಒಂದು ಕಾರಣ. ಚೌಕಾಸಿಯ ಲೆಕ್ಕಾಚಾರ ಅಷ್ಟೇ ದೊಡ್ಡ ಇನ್ನೊಂದು ಕಾರಣ.

ಆರು ವರ್ಷಗಳ ತರುವಾಯ ಜಾರಿಗೆ ಬಂದ ಭಾರತದ ಸಂವಿಧಾನ ಇದಕ್ಕೆ ನೇರ ಎದುರು ದಿಕ್ಕು ಹಿಡಿಯಿತು: ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು 28ನೆಯ ವಿಧಿ ಹೇಳುತ್ತದೆ. ಆದರೆ ಅದೇ ವಿಧಿಯ ಮೂರನೆಯ ಖಂಡ, ಅನುದಾನಿತ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಪಾಠಕ್ಕೆ ಕೂರಿಸಬಾರದೆನ್ನುವಾಗ, 1870ರ ಆತ್ಮಸಾಕ್ಷಿಯ ವಿಧಿಯ ಹತ್ತಿರದ ನೆಂಟನಂತೆ ಕಾಣುತ್ತದೆ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗೆಗೆ ಕಲಿಸುವುದು ಬೇರೆ ಎಂಬ ವಿವೇಚನೆಯನ್ನು ಸರ್ವೋಚ್ಚ ನ್ಯಾಯಾಲಯ 2002ರ ಅರುಣಾ ರಾಯ್ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ಇಂಗ್ಲೆಂಡಿನ ತರಗತಿಗಳು ಅದೇ ವಿವೇಚನೆಗೆ ಮೂರು ದಶಕ ಮೊದಲೇ, ಬೇರೆ ದಾರಿಯಲ್ಲಿ ಬಂದು ತಲುಪಿದ್ದವು.

ಆ ದಾರಿಯ ಮೊದಲ ತಿರುವು 1960ರ ದಶಕದ್ದು. ರೊನಾಲ್ಡ್ ಗೋಲ್ಡ್‌ಮನ್ ಎಂಬ ಸಂಶೋಧಕ 200 ಮಕ್ಕಳಿಗೆ ಮೋಶೆ ಕಂಡ ಉರಿಯುವ ಪೊದೆ, ಕೆಂಪು ಸಮುದ್ರವನ್ನು ದಾಟಿದ್ದು ಮುಂತಾದ ಬೈಬಲಿನ ಕಥೆಗಳನ್ನು ಹೇಳಿ, ಅವರು ಅವನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆಂದು ಒಬ್ಬೊಬ್ಬರನ್ನೇ ವಿಚಾರಿಸಿದ. 1964ರಲ್ಲಿ ಪ್ರಕಟವಾದ ಅವನ ತೀರ್ಮಾನ ಪಠ್ಯಕ್ರಮದ ಸಮಿತಿಗಳಿಗೆ ಹಿತವಾಗಲಿಲ್ಲ: ಹನ್ನೆರಡು, ಹದಿಮೂರರ ವಯಸ್ಸಿನವರೆಗೆ ಮಕ್ಕಳು ರೂಪಕವನ್ನು ಅಕ್ಷರಶಃ ಗ್ರಹಿಸುತ್ತಾರೆ, ಆದ್ದರಿಂದ ಬೈಬಲನ್ನು ಮಕ್ಕಳ ಪುಸ್ತಕವೆಂದು ತಿಳಿಯುವುದೇ ತಪ್ಪು. ಎರಡನೆಯ ತಿರುವು ಜನರ ವಲಸೆಯದು. ಪಂಜಾಬು, ಪಾಕಿಸ್ತಾನ, ಕೆರಿಬಿಯನ್ ದ್ವೀಪಗಳಿಂದ ಬಂದವರ ಬೆನ್ನಿಗೇ ಕೀನ್ಯಾ, ಉಗಾಂಡಗಳಿಂದ ಹೊರದಬ್ಬಿಸಿಕೊಂಡ ಗುಜರಾತಿ ಕುಟುಂಬಗಳು ಬಂದಿಳಿದ ಮೇಲೆ ಬರ್ಮಿಂಗ್‌ಹ್ಯಾಮ್, ಲೆಸ್ಟರ್‌ಗಳ ಎಷ್ಟೋ ತರಗತಿಗಳಲ್ಲಿ ಸುವಾರ್ತೆಯ ಪಾಠ ಕೇಳುತ್ತಿದ್ದವರು ಸಿಖ್, ಮುಸ್ಲಿಂ, ಹಿಂದೂ ಮಕ್ಕಳಾಗಿದ್ದರು.

ಈ ಎರಡೂ ಒತ್ತಡಗಳಿಗೆ ಉತ್ತರವಾಗಬಲ್ಲ ವಿಧಾನವನ್ನು ಒದಗಿಸಿದವನು ನಿನಿಯನ್ ಸ್ಮಾರ್ಟ್. ಸೈನ್ಯದ ಸೇವೆಯಲ್ಲಿ ಸಿಲೋನಿಗೆ ಬಂದಿದ್ದಾಗ ಬೌದ್ಧಧರ್ಮವನ್ನು ಹತ್ತಿರದಿಂದ ಕಂಡಿದ್ದ ಅವನು, 1964ರಲ್ಲಿ ಭಾರತೀಯ ದರ್ಶನಗಳ ವಾದಪ್ರತಿವಾದಗಳ ಕುರಿತು ಬರೆದ ಗ್ರಂಥದಲ್ಲಿ ಶಂಕರ, ರಾಮಾನುಜರ ಜೊತೆಗೆ ಉಡುಪಿಯ ಮಧ್ವರ ದ್ವೈತವನ್ನೂ ಗಂಭೀರ ತಾತ್ವಿಕ ನಿಲುವಾಗಿ ಚರ್ಚಿಸಿದ್ದ. 1967ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಧರ್ಮಾಧ್ಯಯನದ ವಿಭಾಗ ಕಟ್ಟಿದ ಸ್ಮಾರ್ಟ್, ಯಾವುದೇ ಧರ್ಮವನ್ನು ಸಿದ್ಧಾಂತ, ಪುರಾಣಕಥನ, ನೀತಿ, ಆಚರಣೆ, ಅನುಭವ, ಸಮಾಜ ಎಂಬ ಆರು ಆಯಾಮಗಳಲ್ಲಿ ನೋಡಬೇಕೆಂದ. ಅಭ್ಯಾಸಿ ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ತಾತ್ಕಾಲಿಕವಾಗಿ ಬದಿಗಿಟ್ಟು, ಭಕ್ತನಿಗೆ ಆ ಧರ್ಮ ಹೇಗೆ ತೋರುತ್ತದೋ ಹಾಗೆ ಗ್ರಹಿಸಲು ಯತ್ನಿಸುವ ಈ ಕ್ರಮಕ್ಕೆ ‘ಫಿನಾಮಿನಾಲಜಿ’ಯ ವಿಧಾನವೆಂದು ಹೆಸರು. ಅವನ ನಿರ್ದೇಶನದ ಯೋಜನೆಯಿಂದ 1971ರಲ್ಲಿ ಹೊರಬಂದ, ಪ್ರೌಢಶಾಲೆಯ ಧಾರ್ಮಿಕ ಶಿಕ್ಷಣದ ಕುರಿತ ‘ವರ್ಕಿಂಗ್ ಪೇಪರ್ 36’ ಎಂಬ ಕಿರುಹೊತ್ತಿಗೆ, ನಂಬಿಕೆ ಬೆಳೆಸುವುದು ಸಾರ್ವಜನಿಕ ಶಾಲೆಯ ಕೆಲಸವಲ್ಲ ಎಂಬ ಮಾತನ್ನು ಉಪಾಧ್ಯಾಯರ ನಡುವೆ ಹಬ್ಬಿಸಿತು.

ಅದನ್ನು ಪಠ್ಯಕ್ರಮವಾಗಿಸುವ ಸಾಹಸ ನಡೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ದಾರ್ಶನಿಕ ಜಾನ್ ಹಿಕ್ ಮುಂದೆ ನಿಂತು ನಡೆಸಿದ ಸಮಿತಿಯಲ್ಲಿ ಕ್ರೈಸ್ತರೊಡನೆ ಯೆಹೂದ್ಯ, ಮುಸ್ಲಿಂ, ಹಿಂದೂ, ಸಿಖ್ ಪ್ರತಿನಿಧಿಗಳೂ ಕುಳಿತು, ಪ್ರಮುಖ ಧರ್ಮಗಳ ಜೊತೆಗೆ ಕಮ್ಯೂನಿಸಂನಂಥ ಧರ್ಮೇತರ ಜೀವನದೃಷ್ಟಿಗಳನ್ನೂ ಪಠ್ಯದಲ್ಲಿ ಸೇರಿಸಿದರು. ಪತ್ರಿಕೆಗಳು ಕೆರಳಿದವು, ಕಾನೂನು ಪಂಡಿತರ ಅಭಿಪ್ರಾಯ ಕೇಳಲಾಯಿತು. ಇಷ್ಟು ಸಂಕ್ಷಿಪ್ತವಾದದ್ದು ಕಾಯಿದೆಯ ಅರ್ಥದಲ್ಲಿ ಪಠ್ಯಕ್ರಮವೇ ಅಲ್ಲ ಎಂಬ ಆಕ್ಷೇಪ ಬಂದು, ತಿದ್ದಿ ಹಿಗ್ಗಿಸಿದ ಆವೃತ್ತಿ 1975ರಲ್ಲಿ ಪ್ರಕಟವಾಯಿತು. ಕೂಪರ್-ಟೆಂಪಲನ ನಿಷೇಧಕ್ಕೆ ಇಲ್ಲಿ ಯಾರೂ ಎಣಿಸದ ಫಲ ಸಿಕ್ಕಿತ್ತು. ಒಂದು ಪಂಥದ ಸೂತ್ರವನ್ನು ಹೇರಕೂಡದೆಂಬ ನಿಯಮ ಹುಟ್ಟಿದ್ದು ಎರಡು ಬಗೆಯ ಪ್ರಾಟೆಸ್ಟೆಂಟರನ್ನು ಸಮಾಧಾನಪಡಿಸಲಿಕ್ಕೆ. ನೂರು ವರ್ಷಗಳ ಮೇಲೆ ಅದೇ ಚೌಕಟ್ಟಿನೊಳಗೆ ಕುರಾನೂ ಮಾರ್ಕ್ಸನೂ ಬಂದರು.

ಈ ಹೊಸ ಪಾಠದ ದೋಷಗಳೂ ಬೇಗನೆ ಹೊರಬಿದ್ದವು. ದೀಪಾವಳಿ ಬಂದಾಗ ಹಣತೆ, ಈದ್ ಬಂದಾಗ ಸಿಹಿ ಎಂಬಂತೆ ಧರ್ಮಗಳು ಹಬ್ಬ ಮತ್ತು ವಸ್ತುಗಳ ಮೆರವಣಿಗೆಯಾದವು. ‘ಹಿಂದೂಧರ್ಮ’ ಎಂಬ ಅಧ್ಯಾಯದಲ್ಲಿ ನಾಲ್ಕು ವರ್ಣ, ನಾಲ್ಕು ಆಶ್ರಮ, ತ್ರಿಮೂರ್ತಿ ಎಂಬ ಚೊಕ್ಕ ಚಿತ್ರವಿತ್ತೇ ಹೊರತು, ಆ ತರಗತಿಯಲ್ಲೇ ಕುಳಿತಿದ್ದ ಹಿಂದೂ ಹುಡುಗಿಗೆ ಗೊತ್ತಿದ್ದ ಮನೆದೇವರು, ಉಪವಾಸ, ಸತ್ಸಂಗ ಕಾಣುತ್ತಿರಲಿಲ್ಲ. ವಾರಿಕ್ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಮತ್ತು ಎಲಿನರ್ ನೆಸ್‌ಬಿಟ್ ಕವೆಂಟ್ರಿಯ ಹಿಂದೂ ಕುಟುಂಬಗಳ ನಡುವೆ ಕ್ಷೇತ್ರಕಾರ್ಯ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂತರವನ್ನು ಬಿಡಿಸಿ ತೋರಿಸಿತು. ಸ್ಮಾರ್ಟನ ಆರು ಆಯಾಮಗಳಲ್ಲಿ ಶಾಲೆಗೆ ಸುಲಭವಾಗಿ ಒಗ್ಗಿದ್ದು ಆಚರಣೆಯೊಂದೇ. ಮಧ್ವರನ್ನು ಚರ್ಚಿಸಿದ್ದ ಪಂಡಿತನ ವಿಧಾನ ತರಗತಿಗೆ ಬರುವ ಹೊತ್ತಿಗೆ ಆರತಿ ತಟ್ಟೆಯ ಚಿತ್ರ ಬಿಡಿಸುವ ಕೆಲಸವಾಗಿ ಇಳಿದಿತ್ತೆಂದರೆ ಅತಿಶಯೋಕ್ತಿಯಾಗಲಾರದು.

1988ರ ಶಿಕ್ಷಣ ಸುಧಾರಣಾ ಕಾಯಿದೆಯ ಚರ್ಚೆಯಲ್ಲಿ ಕ್ರೈಸ್ತಧರ್ಮಕ್ಕೆ ಹಿಂದಿನ ಪ್ರಾಧಾನ್ಯ ಬೇಕೆಂಬ ಒತ್ತಾಯ ಪ್ರಭುಗಳ ಸಭೆಯಲ್ಲಿ ಬಲವಾಗಿ ಕೇಳಿಬಂತು. ಕೊನೆಗೆ ಹೊರಬಿದ್ದದ್ದು ಮತ್ತೊಂದು ರಾಜಿ: ದೇಶದ ಧಾರ್ಮಿಕ ಪರಂಪರೆಗಳು ಮುಖ್ಯವಾಗಿ ಕ್ರೈಸ್ತವೆಂಬುದನ್ನು ಹೊಸ ಪಠ್ಯಕ್ರಮಗಳು ಪ್ರತಿಬಿಂಬಿಸಬೇಕು, ಬ್ರಿಟನ್ನಿನಲ್ಲಿರುವ ಇತರ ಪ್ರಮುಖ ಧರ್ಮಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರತಿ ಜಿಲ್ಲೆಯಲ್ಲೂ ಸಲಹಾ ಮಂಡಳಿ ಕಡ್ಡಾಯವಾಯಿತು. 1994ರಲ್ಲಿ ಸಿದ್ಧವಾದ ಮಾದರಿ ಪಠ್ಯಕ್ರಮಗಳು ಕ್ರೈಸ್ತ, ಬೌದ್ಧ, ಹಿಂದೂ, ಇಸ್ಲಾಂ, ಯೆಹೂದ್ಯ, ಸಿಖ್ ಎಂಬ ಆರನ್ನು ಹೆಸರಿಸಿದವು, ಪಟ್ಟಿಯಲ್ಲಿ ಜೈನಧರ್ಮವಿಲ್ಲ.

ತತ್ವಶಾಸ್ತ್ರ ಮತ್ತು ನೀತಿಶಾಸ್ತ್ರ ಒಳಬಂದದ್ದು ಕಾಯಿದೆಯ ಬಾಗಿಲಿನಿಂದಲ್ಲ, ಪರೀಕ್ಷೆಯ ಬಾಗಿಲಿನಿಂದ. ಹದಿನಾರು ದಾಟಿದವರು ತಮಗೆ ಬೇಕಾದ ಮೂರು, ನಾಲ್ಕು ವಿಷಯಗಳನ್ನು ಮಾತ್ರ ಆರಿಸಿಕೊಂಡು ಬರೆಯುವ ‘ಎ ಲೆವೆಲ್’ ಪರೀಕ್ಷೆಯಲ್ಲಿ ಧರ್ಮದ ಪತ್ರಿಕೆಯೆಂದರೆ ಬಹುಕಾಲ ಹಳೆಯ ಒಡಂಬಡಿಕೆ, ಸುವಾರ್ತೆ, ಚರ್ಚಿನ ಇತಿಹಾಸ ಎಂದೇ ಅರ್ಥವಿತ್ತು. ಅವನ್ನು ಆರಿಸಿಕೊಳ್ಳುವವರು ಕಡಿಮೆಯಾಗುತ್ತ ಬಂದಾಗ, ದೇವತಾಶಾಸ್ತ್ರವನ್ನೂ ದರ್ಶನವನ್ನೂ ಓದಿ ಬಂದಿದ್ದ ಉಪಾಧ್ಯಾಯರು ಪಠ್ಯದಲ್ಲಿದ್ದ ‘ಧರ್ಮದ ತತ್ವಶಾಸ್ತ್ರ’ ಮತ್ತು ‘ನೀತಿಶಾಸ್ತ್ರ’ ಎಂಬ ಐಚ್ಛಿಕ ಭಾಗಗಳತ್ತ ತಿರುಗಿದರು. ಲಂಡನ್ನಿನ ಹೀಥ್ರಾಪ್ ಕಾಲೇಜಿನ ಪೀಟರ್ ವಾರ್ಡಿ 1990ರ ದಶಕದ ಆರಂಭದಲ್ಲಿ ದೇವರು, ಕೇಡು, ನೀತಿ ಇವುಗಳ ಒಗಟುಗಳ ಕುರಿತು ಸರಣಿಯಾಗಿ ಹೊರತಂದ ಪುಸ್ತಕಗಳು ಅವರ ಕೈಪಿಡಿಗಳಾದವು. 2000ದಲ್ಲಿ ಪರೀಕ್ಷೆಯ ವ್ಯವಸ್ಥೆ ಬದಲಾಗಿ ಮೊದಲ ವರ್ಷ ಹೆಚ್ಚುವರಿ ವಿಷಯವೊಂದನ್ನು ತೆಗೆದುಕೊಳ್ಳುವ ಅನುಕೂಲ ಬಂದ ಮೇಲೆ ವಿದ್ಯಾರ್ಥಿಗಳ ಸಂಖ್ಯೆ ಏರಿತು. ಅನೇಕ ಶಾಲೆಗಳು ವಿಭಾಗದ ನಾಮಫಲಕವನ್ನೇ ಬದಲಿಸಿದವು.

ಆ ತರಗತಿಯ ಒಂದು ಮಾದರಿ ಪಾಠವನ್ನು ನೋಡಿದರೆ 1811ರ ಪ್ರಶ್ನೋತ್ತರದಿಂದ ಎಷ್ಟು ದೂರ ಬಂದಾಗಿತ್ತೆಂದು ತಿಳಿಯುತ್ತದೆ. ಬಯಲಿನಲ್ಲಿ ಗಡಿಯಾರವೊಂದು ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬ ಇರಲೇಬೇಕೆಂದು ಊಹಿಸುವಂತೆ, ಕಣ್ಣಿನಂಥ ಸೂಕ್ಷ್ಮ ರಚನೆಗಳಿರುವ ಜಗತ್ತಿಗೂ ಕರ್ತನಿರಬೇಕು ಎಂಬ ವಿಲಿಯಂ ಪೇಲಿಯ 1802ರ ವಾದವನ್ನು ವಿದ್ಯಾರ್ಥಿ ಮೊದಲು ನಿರೂಪಿಸಬೇಕು. ಆಮೇಲೆ, ಪೇಲಿಗಿಂತ ಮೊದಲೇ ಡೇವಿಡ್ ಹ್ಯೂಮ್ ಎತ್ತಿದ್ದ ಆಕ್ಷೇಪಗಳನ್ನು, ಅಂದರೆ ಜಗತ್ತು ಯಂತ್ರಕ್ಕಿಂತ ಗಿಡವನ್ನು ಹೆಚ್ಚು ಹೋಲಬಹುದು, ಕರ್ತರು ಹಲವರಿರಬಹುದು, ಕರ್ತ ಅನನುಭವಿಯೂ ಆಗಿರಬಹುದು ಎಂಬುದನ್ನು ಮುಂದಿಟ್ಟು ತೂಗಬೇಕು. ಅಂಕ ಸಿಗುವುದು ಯಾವ ಕಡೆ ನಿಂತ ಎಂಬುದಕ್ಕಲ್ಲ, ತೂಗಿದ ಕ್ರಮಕ್ಕೆ. ನೀತಿಶಾಸ್ತ್ರದ ಭಾಗದಲ್ಲಿ ಬೆಂಥಮ್, ಮಿಲ್, ಕಾಂಟ್, ಅಕ್ವಿನಾಸರ ಸಿದ್ಧಾಂತಗಳನ್ನು ದಯಾಮರಣದಂಥ ಸಮಸ್ಯೆಗಳಿಗೆ ಅನ್ವಯಿಸಿ ನೋಡುವ ಇಂಥದೇ ಅಭ್ಯಾಸವಿದೆ. ಆದರೆ ಜಗತ್ತು ಕಾರ್ಯವಾದ್ದರಿಂದ ಮಡಕೆಗೆ ಕುಂಬಾರನಿರುವಂತೆ ಅದಕ್ಕೂ ಕರ್ತನಿದ್ದಾನೆ ಎಂದು ಪೇಲಿಗಿಂತ ಎಷ್ಟೋ ಶತಮಾನ ಮೊದಲು ‘ನ್ಯಾಯಕುಸುಮಾಂಜಲಿ’ಯಲ್ಲಿ ವಾದಿಸಿದ ಉದಯನನಿಗಾಗಲಿ, ಅಂಥ ವಾದವನ್ನು ಖಂಡಿಸಿದ ಬೌದ್ಧ, ಜೈನ, ಮೀಮಾಂಸಕರಿಗಾಗಲಿ ಈ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಕೆಳಗಿನ ತರಗತಿಗಳಲ್ಲಿ ಆಚರಣೆಯೆಲ್ಲ ಪೂರ್ವದ್ದು, ಮೇಲಿನ ತರಗತಿಗಳಲ್ಲಿ ವಾದವೆಲ್ಲ ಪಶ್ಚಿಮದ್ದು ಎಂಬ ವಿಭಜನೆ ಹೀಗೆ ಸದ್ದಿಲ್ಲದೆ ನೆಲೆಯೂರಿದೆ. ಈ ಪಾಠದ ಇಂದಿನ ಅತಿ ದೊಡ್ಡ ಊನ ಇದೇ ಎನ್ನಬೇಕು.

2010ರಲ್ಲಿ ಸರ್ಕಾರ ಶಾಲೆಗಳನ್ನು ಅಳೆಯುವ ಪ್ರಮುಖ ವಿಷಯಗಳ ಪಟ್ಟಿಯಿಂದ ಧರ್ಮಾಧ್ಯಯನವನ್ನು ಬಿಟ್ಟ ಮೇಲೆ, ಈ ವಿಷಯದಲ್ಲಿ ಹದಿನಾರರೊಳಗಿನವರ ಕಿರುಪರೀಕ್ಷೆಗೆ ಕೂರುವವರ ಸಂಖ್ಯೆ ತೀವ್ರವಾಗಿ ಕುಸಿಯಿತು. 2015ರಲ್ಲಿ, ಧರ್ಮೇತರ ಜೀವನದೃಷ್ಟಿಗಳನ್ನು ಕಡೆಗಣಿಸಿದ ಪರೀಕ್ಷಾ ಪಠ್ಯವೊಂದರಿಂದಲೇ ಶಾಲೆಯ ಧಾರ್ಮಿಕ ಶಿಕ್ಷಣದ ಹೊಣೆ ಪೂರೈಸುತ್ತದೆಂದು ಸರ್ಕಾರ ಹೇಳಿದ್ದು ತಪ್ಪೆಂದು ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. 2023ರ ಇನ್ನೊಂದು ತೀರ್ಪು, ಮಾನವತಾವಾದಿಯೆಂಬ ಕಾರಣಕ್ಕೆ ಒಬ್ಬರನ್ನು ಕೆಂಟ್ ಜಿಲ್ಲೆಯ ಸಲಹಾ ಮಂಡಳಿಯಿಂದ ಹೊರಗಿಡುವಂತಿಲ್ಲ ಎಂದಿತು. ಈ ನಡುವೆ 2018ರಲ್ಲಿ ಸ್ವತಂತ್ರ ಆಯೋಗವೊಂದು ವಿಷಯದ ಹೆಸರನ್ನೇ ‘ಧರ್ಮ ಮತ್ತು ಜೀವನದೃಷ್ಟಿಗಳು’ ಎಂದು ಬದಲಿಸಲು ಶಿಫಾರಸು ಮಾಡಿತ್ತು. ವೇಲ್ಸ್ ಮಾತ್ರ 2021ರಲ್ಲಿ ತನ್ನದೇ ಕಾಯಿದೆ ಮಾಡಿ, 2022ರಿಂದ ‘ಧರ್ಮ, ಮೌಲ್ಯ ಮತ್ತು ನೀತಿ’ ಎಂಬ ಹೆಸರಿನಲ್ಲಿ ಪಾಠವನ್ನು ಆರಂಭಿಸಿ, ಮಗುವನ್ನು ಅದರಿಂದ ಹಿಂತೆಗೆಯುವ ತಂದೆತಾಯಿಗಳ ಹಕ್ಕನ್ನು ಹಂತಹಂತವಾಗಿ ಕೊನೆಗೊಳಿ​ಸಲು ತೀರ್ಮಾನಿಸಿತು. ಯಾರ ಮತವನ್ನೂ ಬೋಧಿಸದ ಪಾಠದಿಂದ ಯಾರನ್ನೂ ಕಾಪಾಡಬೇಕಾಗಿಲ್ಲ ಎಂಬುದು ಅದರ ಹಿಂದಿನ ತರ್ಕ. ಇಂಗ್ಲೆಂಡಿನಲ್ಲಿ ಆ ಹಕ್ಕು ಉಳಿದುಕೊಂಡಿದೆ.